ಉದ್ಯಮಬಾಗಿನ ಹಳೇ ಪೆಂಟಿಯಂಗೆ ಕ್ಯಾಮೆರಾ ಕಾರ್ಡು

ಫೋನ್ ಬಂದಾಗ ಹೊರಗೆ ಮಳೆ ಜೋರಾಗಿತ್ತು. ಆ ಕಡೆಯಿಂದ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಿನ ಕಾಕಾ.

"ತಮ್ಮಾ, ಕಂಪ್ಯೂಟರ್ ಮುಂಜಾನಿಂದ ಟಕ್ ಟಕ್ ಅನ್ನಾಕತ್ತೈತಿ. ಚಾಲೂನ ಆಗವಲ್ದು. ಲೇಥ್ ಸುಮ್ನ ನಿಂತೈತಿ ನೋಡು."

ಟಕ್ ಟಕ್ ಅಂದ ಕೂಡಲೇ ರೋಗ ಗೊತ್ತಾಯಿತು. ಹಾರ್ಡ್ ಡಿಸ್ಕಿನ ಹೆಡ್ ತನ್ನ ಜಾಗ ಹುಡುಕಿ ಹುಡುಕಿ ಸೋಲುವ ಸದ್ದು ಅದು. "ಕಾಕಾ, ಮೊದಲ ಆಫ್ ಮಾಡ್ರಿ. ನಾ ಬರೋತನಕಾ ಮತ್ತ ಹಚ್ಚಬ್ಯಾಡ್ರಿ" ಅಂದೆ. ಟಿಳಕವಾಡಿಯಿಂದ ಮೂರನೇ ರೈಲ್ವೆ ಗೇಟ್ ಕಡೆಯಿಂದ ಹೋದರೆ ದೂರವೇನಿಲ್ಲ. ರೇನ್‌ಕೋಟ್ ಹಾಕಿಕೊಂಡು ಹೊರಟೆ.

ಕಾಕಾ ಅವರದು ಸಣ್ಣ ಮಷಿನ್ ಶಾಪ್. ಫೌಂಡ್ರಿಯಿಂದ ಬರುವ ಎರಕದ ತುಂಡುಗಳನ್ನು ಕಡಿದು, ತೂತು ಹೊಡೆದು, ಅಳತೆಗೆ ತಂದು ಕೊಡುತ್ತಾರೆ. ಎರಡು ಸಾದಾ ಲೇಥ್, ಒಂದು ಡ್ರಿಲ್ಲಿಂಗ್ ಮಷಿನ್, ಒಂದು ಸಿಎನ್‌ಸಿ ಲೇಥ್, ಅಂದರೆ ಕೊಟ್ಟ ಪ್ರೋಗ್ರಾಮಿನಂತೆ ತಾನೇ ಕಡಿಯುವಂಥದ್ದು. ಆ ಸಿಎನ್‌ಸಿಗೆ ಪ್ರೋಗ್ರಾಮ್ ಕಳಿಸುವುದು ಮೂಲೆಯಲ್ಲಿರುವ ಒಂದು ಪೆಂಟಿಯಂ 133. ಅದರಲ್ಲಿರುವುದು ಮೈಕ್ರೋಸಾಫ್ಟಿನ ಹಳೇ ಆಪರೇಟಿಂಗ್ ಸಿಸ್ಟಮ್ ಡಾಸ್ 6.22. ಎದುರಿಗೆ ಹಳದಿ ಬಣ್ಣಕ್ಕೆ ತಿರುಗಿದ ಮಾನಿಟರ್. ಕಂಪ್ಯೂಟರಿನ ಹಿಂದಿನಿಂದ ಒಂದು ಸೀರಿಯಲ್ ಕೇಬಲ್ ಹೊರಟು, ಗೋಡೆಗುಂಟ ಮೊಳೆ ಹೊಡೆಸಿಕೊಂಡು, ಲೇಥಿಗೆ ಹೋಗಿ ಸೇರುತ್ತದೆ. ಅಷ್ಟೇ ಅದರ ಕೆಲಸ. ಆ ಕೆಲಸವನ್ನು 1997ರಿಂದ ಮಾಡುತ್ತಾ ಬಂದಿದೆ.

ಹೊಸದು ತಗೊಳ್ರಿ ಅಂತ ನಾನೂ ಎಷ್ಟೋ ಸಲ ಹೇಳಿದ್ದೆ. ಕಾಕಾ ತಗೊಂಡೂ ಇದ್ದರು. ಆದರೆ ಆ ಹೊಸ ಕಂಪ್ಯೂಟರಿನಲ್ಲಿ ಇವರ ಪ್ರೋಗ್ರಾಮ್ ತೆರೆದರೆ "ರನ್‌ಟೈಮ್ ಎರರ್ 200" ಅಂತ ಬಂದು ಮುಚ್ಚಿಕೊಳ್ಳುತ್ತಿತ್ತು. ಈ ಕಾಯಿಲೆಗೆ ಒಂದು ಇತಿಹಾಸ ಇದೆ. ಇವರ ಸಾಫ್ಟ್‌ವೇರ್ ಬರೆದದ್ದು ಟರ್ಬೋ ಪಾಸ್ಕಲ್ 7 ಅನ್ನುವ ಹಳೇ ಪ್ರೋಗ್ರಾಮಿಂಗ್ ಸಾಧನದಲ್ಲಿ. ಅದರ ಸ್ಕ್ರೀನ್ ನೋಡಿಕೊಳ್ಳುವ ಭಾಗ ಶುರುವಾಗುವಾಗಲೇ, ಗಡಿಯಾರದ ಒಂದು ಟಿಕ್ಕಿನೊಳಗೆ, ಅಂದರೆ 55 ಮಿಲಿಸೆಕೆಂಡಿನಲ್ಲಿ, ತಾನು ಎಷ್ಟು ಸುತ್ತು ಹೊಡೆಯಬಲ್ಲೆ ಅಂತ ಎಣಿಸಿ, ಬಂದದ್ದನ್ನು 55ರಿಂದ ಭಾಗಿಸುತ್ತದೆ. ಪ್ರೊಸೆಸರ್ 200 ಮೆಗಾಹರ್ಟ್ಸ್ ಆಸುಪಾಸು ದಾಟಿತೋ, ಉತ್ತರ 16 ಬಿಟ್ಟಿನಲ್ಲಿ ಹಿಡಿಯುವುದಿಲ್ಲ. ಪ್ರೋಗ್ರಾಮ್ ಅದನ್ನು "ಸೊನ್ನೆಯಿಂದ ಭಾಗಿಸಿದಿರಿ" ಅಂತ ತಿಳಿದು ಸತ್ತುಹೋಗುತ್ತದೆ. ಮಷಿನ್ ಜಾಸ್ತಿ ವೇಗ ಇರೋದೇ ತಪ್ಪು ಅಂದಂಗಾಯಿತು! ಇದಕ್ಕೆ ಪ್ಯಾಚ್ ಇದೆ, ನಾನು ಹಾಕಬಲ್ಲೆ. ಆದರೆ ಕಾಕಾ ಒಪ್ಪಲಿಲ್ಲ. "ನಡೀತಿರೋ ಪ್ರೋಗ್ರಾಮಿನ ಹೊಟ್ಟಿ ಕೊಯ್ಯಬ್ಯಾಡಪಾ. ಒಂದು ಅಂಕಿ ಹೆಚ್ಚು ಕಡಿಮಿ ಆತಂದ್ರ ಟೂಲ್ ಹೋಗಿ ಚಕ್ಕಿಗೆ ಬಡೀತದ." ಚಕ್ಕು ಅಂದರೆ ಲೇಥಿನಲ್ಲಿ ತುಂಡನ್ನು ಹಿಡಿದು ತಿರುಗಿಸುವ ಭಾಗ. ಅದರಲ್ಲಿ ಅವರದು ತಪ್ಪು ಅಂತ ನನಗೆ ಅನ್ನಿಸಲಿಲ್ಲ.

ಹಾಗಾಗಿ ಪೆಂಟಿಯಂ ಇರಲೇಬೇಕು, ಹಾರ್ಡ್ ಡಿಸ್ಕ್ ಮಾತ್ರ ಬದಲಾಗಬೇಕು. ಹಳೇ ಐಡಿಇ ಹಾರ್ಡ್ ಡಿಸ್ಕ್, ಅಂದರೆ ಆ ಕಾಲದ ಪಟ್ಟಿ ಕೇಬಲ್ಲಿಗೆ ಹಚ್ಚುವಂಥವು, ಗುಜರಿಯಲ್ಲಿ ಸಿಗುತ್ತವೆ, ಇಲ್ಲವೆಂದಲ್ಲ. ಆದರೆ ಅವೂ ಇದೇ ವಯಸ್ಸಿನವು. ಒಬ್ಬ ಮುದುಕನ ಜಾಗಕ್ಕೆ ಇನ್ನೊಬ್ಬ ಮುದುಕನನ್ನು ಕೂರಿಸಿ ಏನು ಪ್ರಯೋಜನ? ನಾನು ಹಳೇ ಡಿಜಿಟಲ್ ಕ್ಯಾಮೆರಾಗಳಲ್ಲಿ ಫೋಟೋ ಉಳಿಸುತ್ತಿದ್ದ ಕಾಂಪ್ಯಾಕ್ಟ್ ಫ್ಲ್ಯಾಷ್ (ಸಿಎಫ್) ಕಾರ್ಡ್ ಹಾಕುವುದೆಂದು ಅಲ್ಲೇ ತೀರ್ಮಾನಿಸಿದೆ.

ಮೊದಲು ಡಿಸ್ಕಿನಲ್ಲಿದ್ದದ್ದನ್ನು ಹೊರತೆಗೆಯಬೇಕಿತ್ತು. ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ಕರಿ ಪುಡಿಯ ಹಾಸಿಗೆ. ಎರಕದ ಕಬ್ಬಿಣ ಕಡಿದಾಗ ಏಳುವ ಧೂಳಿನಲ್ಲಿ ಗ್ರಾಫೈಟ್ ಇರುತ್ತದೆ. ಅದರ ಮೂಲಕ ಕರೆಂಟ್ ಹರಿಯುತ್ತದೆ, ಅದಕ್ಕೇ ಅದು ಮನೆಯ ಧೂಳಿನಂತೆ ನಿರುಪದ್ರವಿ ಅಲ್ಲ. ಬ್ಲೋಯರ್ ಹಿಡಿದರೆ ಸಂದಿಗೊಂದಿಗೆಲ್ಲಾ ನುಗ್ಗುತ್ತದೆ ಅಂತ, ಬಣ್ಣ ಹಚ್ಚುವ ಒಣ ಬ್ರಷ್ಷಿನಿಂದ ಕೆಡವಿ ಕೆಡವಿ ವ್ಯಾಕ್ಯೂಮ್ ಕ್ಲೀನರ್ ಪೈಪಿನೊಳಗೆ ಕಳಿಸಿದೆ. ಅದಕ್ಕೇ ಒಂದು ತಾಸು ಹೋಯಿತು.

ಡಿಸ್ಕನ್ನು ನನ್ನ ರಿಪೇರಿ ಅಂಗಡಿಗೆ ತಂದು, ಐಡಿಇ ಪೋರ್ಟ್ ಇರುವ ನನ್ನ ಲಿನಕ್ಸ್ ಡೆಸ್ಕ್‌ಟಾಪಿಗೆ ಹಚ್ಚಿದೆ. 850 ಎಂಬಿಯ ಡಿಸ್ಕ್. ಸಾಯುತ್ತಿರುವ ಡಿಸ್ಕಿನಿಂದ ಫೈಲು ಫೈಲಾಗಿ ಕಾಪಿ ಮಾಡುವ ಗೋಜಿಗೆ ಹೋಗಬಾರದು. ಹೆಡ್ ಹಿಂದೆ ಮುಂದೆ ಓಡಾಡಿಯೇ ಉಳಿದ ಜೀವವೂ ಹೋಗುತ್ತದೆ. ಇದಕ್ಕೆಂದೇ ಇರುವ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಮ್ ಮೊದಲು ಸಲೀಸಾಗಿ ಓದಲು ಬರುವುದನ್ನೆಲ್ಲಾ ಒಂದೇ ಸಮ ಎಳೆದುಕೊಂಡು, ಕಷ್ಟದ ಜಾಗಗಳನ್ನು ಪಟ್ಟಿ ಮಾಡಿಟ್ಟು, ಆಮೇಲೆ ಅವುಗಳ ಬಳಿ ವಾಪಸ್ ಬರುತ್ತದೆ. ಮೂರು ಸಲ ಡಿಸ್ಕ್ ಏಳಲೇ ಇಲ್ಲ. ನಾಲ್ಕನೇ ಸಲ ಎದ್ದಿತು. ಆ ಸಲ ಕೈ ಕಟ್ಟಿಕೊಂಡು, ಟೇಬಲ್ಲಿಗೂ ತಾಕದಂತೆ ಕೂತಿದ್ದೆ. ಬಹುಪಾಲು ಭಾಗ ಹತ್ತೇ ನಿಮಿಷದಲ್ಲಿ ಬಂತು. ಉಳಿದ ಚೂರಿಗಾಗಿ ರಾತ್ರಿಯೆಲ್ಲಾ ಬಿಟ್ಟೆ. ಬೆಳಿಗ್ಗೆ ನೋಡಿದರೆ ಕೊನೆಗೂ ಓದಲಾಗದೆ ಉಳಿದದ್ದು ಮೂರೇ ಸೆಕ್ಟರ್. ಸೆಕ್ಟರ್ ಅಂದರೆ ಡಿಸ್ಕಿನ 512 ಬೈಟಿನ ತುಣುಕು, ಮೂರಕ್ಕೆ 1,536 ಬೈಟ್. ಖುಷಿಯಿಂದ ಚಹಾ ಕುಡಿದೆ. ಆ ಮೂರರಲ್ಲಿ ಒಂದು ನನಗೆ ಆಮೇಲೆ ಬೆವರಿಳಿಸಿತು, ಅದನ್ನು ಮುಂದೆ ಹೇಳುತ್ತೇನೆ.

ಇನ್ನು ಕಾರ್ಡು. ಕಾಂಪ್ಯಾಕ್ಟ್ ಫ್ಲ್ಯಾಷ್ ಅನ್ನು ಸ್ಯಾನ್‌ಡಿಸ್ಕ್ ಕಂಪನಿ 1994ರಲ್ಲಿ ಹೊರತಂದದ್ದು. ಬೆಂಕಿಪೊಟ್ಟಣಕ್ಕಿಂತ ತೆಳ್ಳಗೆ, 3.3 ಮಿಲಿಮೀಟರ್ ದಪ್ಪ, ಒಂದು ಅಂಚಿನಲ್ಲಿ 50 ತೂತು. ಹಳೇ ಕಂಪ್ಯೂಟರಿಗೆ ಇದು ಇಷ್ಟೊಂದು ಚೆನ್ನಾಗಿ ಹೊಂದುವುದಕ್ಕೆ ಒಂದು ಕಾರಣ ಇದೆ. ಈ ಕಾರ್ಡಿನ ಹೊಟ್ಟೆಯೊಳಗೇ ಒಂದು ಐಡಿಇ ಕಂಟ್ರೋಲರ್ ಕೂತಿದೆ. ಕರೆಂಟ್ ಬರುವ ಹೊತ್ತಿಗೆ ಅದರ 9ನೇ ಪಿನ್ ಗ್ರೌಂಡಿಗೆ ಸೇರಿದ್ದರೆ, ಕಾರ್ಡು ತಾನು ಕ್ಯಾಮೆರಾದ್ದು ಅನ್ನುವುದನ್ನು ಮರೆತು ಅಪ್ಪಟ ಐಡಿಇ ಹಾರ್ಡ್ ಡಿಸ್ಕಿನಂತೆ ನಡೆದುಕೊಳ್ಳುತ್ತದೆ. ಅದಕ್ಕೇ ಅಡಾಪ್ಟರಿನಲ್ಲಿ ಬುದ್ಧಿವಂತ ಚಿಪ್ಪು ಏನೂ ಬೇಕಿಲ್ಲ. ಆ ಕಡೆಯ ಪಿನ್ನಿಗೆ ಈ ಕಡೆಯ ಪಿನ್ನು, ಬರೀ ತಂತಿ. ಎಸ್‌ಡಿ ಕಾರ್ಡಿಗೂ ಐಡಿಇ ಅಡಾಪ್ಟರ್ ಬರುತ್ತದೆ. ಆದರೆ ಎಸ್‌ಡಿಯ ಭಾಷೆಯೇ ಬೇರೆ, ನಡುವೆ ಒಂದು ಚಿಪ್ಪು ಕೂತು ದುಭಾಷಿ ಕೆಲಸ ಮಾಡಬೇಕು. ಅದೂ ನಡೆಯುತ್ತದೆ. ಆದರೂ ಕಾರ್ಖಾನೆ ಕೆಲಸಕ್ಕೆ ನಡುವೆ ಜನ ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ನನ್ನ ಲೆಕ್ಕ.

ಹೊಸ ಸಿಎಫ್ ಕಾರ್ಡು ತರಿಸಿದರೆ 32 ಜಿಬಿ, 64 ಜಿಬಿ. ನನಗೆ ಬೇಕಾಗಿದ್ದು 512 ಎಂಬಿ. ಖಡೇಬಜಾರಿನಲ್ಲಿ ಪರಿಚಯದ ಒಬ್ಬ ಫೋಟೋಗ್ರಾಫರ್ ಇದ್ದಾರೆ. ಫಿಲ್ಮಿನಿಂದ ಡಿಜಿಟಲ್ಲಿಗೆ ಬಂದಾಗ ಅವರ ಮೊದಲ ಕ್ಯಾಮೆರಾ ನಿಕಾನ್ ಡಿ70, ಅದಕ್ಕೆ ಸಿಎಫ್ ಕಾರ್ಡೇ ಬೇಕಿತ್ತು. ಕೇಳಿದೆ. ಡ್ರಾಯರಿನ ತಳದಿಂದ, ಸತ್ತ ಫ್ಲ್ಯಾಷ್ ಬಲ್ಬುಗಳ ನಡುವಿನಿಂದ, ಒಂದೇ ಕಂಪನಿಯ ಎರಡು 512 ಎಂಬಿ ಮತ್ತು ಒಂದು 4 ಜಿಬಿ ತೆಗೆದುಕೊಟ್ಟರು. "ದುಡ್ಡು ಬ್ಯಾಡ್ರಿ, ಒಳಗ ಯಾರದರ ಲಗ್ನದ ಫೋಟೋ ಇದ್ದರ ಅಳಿಸಿಬಿಡ್ರಿ" ಅಂದರು. ಇತ್ತು. ಅಳಿಸಿದೆ.

ಕಾಕಾಗೆ ತೋರಿಸಿದೆ. ಅವರಿಗೆ ಸಮಾಧಾನವಿಲ್ಲ. "512 ಅಂದ್ರ ಭಾಳ ಸಣ್ಣದಾತಲ್ಲೋ? ನನ್ನ ಮೊಬೈಲಿನಾಗ 128 ಜಿಬಿ ಐತಿ."

"ಕಾಕಾ, ನಿಮ್ಮ ಇಷ್ಟು ವರ್ಷದ ಪ್ರೋಗ್ರಾಮ್ ಎಲ್ಲಾ ಕೂಡಿ 31 ಎಂಬಿ ಐತ್ರಿ."

ಸಣ್ಣದೇ ಯಾಕೆ ಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಹಳೇ ಬಯೋಸುಗಳು, ಅಂದರೆ ಕಂಪ್ಯೂಟರನ್ನು ಮೊದಲು ಎಬ್ಬಿಸುವ ಪ್ರೋಗ್ರಾಮುಗಳು, ಡಿಸ್ಕನ್ನು ಸಿಲಿಂಡರ್, ಹೆಡ್, ಸೆಕ್ಟರ್ ಅಂತ ಮೂರು ಅಂಕಿಯಲ್ಲಿ ನೋಡುತ್ತವೆ. ಏನೂ ಚಮತ್ಕಾರ ಮಾಡದಿದ್ದರೆ ಮಿತಿ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್. ಗುಣಿಸಿ, ಮತ್ತೆ 512 ಬೈಟಿನಿಂದ ಗುಣಿಸಿದರೆ 528 ಎಂಬಿ ಚಿಲ್ಲರೆ. ಅದಕ್ಕಿಂತ ದೊಡ್ಡ ಡಿಸ್ಕಿಗೆ ಬಯೋಸು ಸುಳ್ಳು ಲೆಕ್ಕ ಬರೆಯಬೇಕು: ಹೆಡ್ ಜಾಸ್ತಿ ಇದೆ, ಸಿಲಿಂಡರ್ ಕಡಿಮೆ ಇದೆ ಅಂತ. ಅದನ್ನೇ ಸೆಟಪ್ಪಿನಲ್ಲಿ ಎಲ್‌ಬಿಎ ಅಂತಲೋ ಲಾರ್ಜ್ ಅಂತಲೋ ಕಾಣುತ್ತೀರಿ. ಒಂದೊಂದು ಬಯೋಸಿನ ಸುಳ್ಳೂ ಒಂದೊಂದು ಥರ. ನನ್ನ ಕೈಲಿದ್ದ 512ರ ಕಾರ್ಡು 993 ಸಿಲಿಂಡರ್, 16 ಹೆಡ್, 63 ಸೆಕ್ಟರ್. ಗೆರೆಯ ಒಳಗೇ ಇದೆ. ಯಾರೂ ಸುಳ್ಳು ಹೇಳಬೇಕಿಲ್ಲ. ಇನ್ನು 4 ಜಿಬಿ ಹಾಕಿದರೂ, ಡಾಸ್ 6.22 ಒಂದು ಪಾರ್ಟಿಷನ್ನಿಗೆ (ಡಿಸ್ಕಿನ ಒಂದು ವಿಭಾಗಕ್ಕೆ) 2 ಜಿಬಿಗಿಂತ ಜಾಸ್ತಿ ಕೊಡುವುದಿಲ್ಲ. ಅಷ್ಟು ದೊಡ್ಡದು ಮಾಡಿದರೆ ಒಂದೊಂದು ಕ್ಲಸ್ಟರ್, ಅಂದರೆ ಒಂದು ಫೈಲಿಗೆ ಕೊಡುವ ಕನಿಷ್ಠ ಜಾಗ, 32 ಕೆಬಿ ಆಗುತ್ತದೆ. ಎರಡು ಕೆಬಿಯ ಪ್ರೋಗ್ರಾಮ್ ಫೈಲಿಗೆ 32 ಕೆಬಿಯ ಗೋದಾಮು! 512ರಲ್ಲಿ ಅದು 8 ಕೆಬಿ.

ಅಡಾಪ್ಟರ್ 350 ರೂಪಾಯಿಗೆ ತರಿಸಿದ್ದು. ಕ್ಯಾಬಿನೆಟ್ಟಿನ ಹಿಂದೆ, ಕಾರ್ಡ್ ಸ್ಲಾಟಿನ ಪಟ್ಟಿಯಲ್ಲಿ ಕೂರುವಂಥದ್ದು. ಕಾರ್ಡನ್ನು ಹೊರಗಿನಿಂದಲೇ ತೆಗೆಯಬಹುದು, ಹಾಕಬಹುದು. ಅದರ ಮೇಲೆ ಎರಡು ಜಂಪರ್, ಅಂದರೆ ಸೆಟ್ಟಿಂಗ್ ಬದಲಿಸುವ ಪುಟ್ಟ ಕೊಂಡಿ. ಒಂದು ಮಾಸ್ಟರೋ ಸ್ಲೇವೋ, ಅಂದರೆ ಕೇಬಲ್ಲಿನ ಮೊದಲನೇ ಡಿಸ್ಕೋ ಎರಡನೇದೋ ಅಂತ. ಮಾಸ್ಟರಿಗೆ ಇಟ್ಟೆ, ಆ ಕೇಬಲ್ಲಿಗೆ ಬೇರೆ ಏನನ್ನೂ ಹಚ್ಚಲಿಲ್ಲ. ಸಿಎಫ್ ಕಾರ್ಡುಗಳು ಒಂದೇ ಕೇಬಲ್ಲಿನಲ್ಲಿ ಇನ್ನೊಬ್ಬರ ಜೊತೆ ಸಂಸಾರ ಮಾಡುವುದು ಕಷ್ಟ. ಸಿಡಿ ಡ್ರೈವ್ ಇದ್ದರೆ ಅದಕ್ಕೆ ಎರಡನೇ ಐಡಿಇ ಪೋರ್ಟ್ ಕೊಡಿ. ಇನ್ನೊಂದು ಜಂಪರ್ 3.3 ವೋಲ್ಟೋ 5 ವೋಲ್ಟೋ ಅಂತ. ಸಿಎಫ್ ಎರಡರಲ್ಲೂ ನಡೆಯುತ್ತದೆ. ಹಳೇ ಬೋರ್ಡಿನ ಸಿಗ್ನಲ್ 5 ವೋಲ್ಟಿನದ್ದು, ಅದಕ್ಕೇ 5ಕ್ಕೆ ಬಿಟ್ಟೆ. ಕರೆಂಟಿಗೆ ಫ್ಲಾಪಿ ಡ್ರೈವಿಗೆ ಬರುವಂಥ ಸಣ್ಣ ನಾಲ್ಕು ಪಿನ್ನಿನ ಕನೆಕ್ಟರ್.

ಇಲ್ಲೇ ಮೊದಲ ಅವಘಡ. ಕಾರ್ಡಿನ ಎರಡೂ ಪಕ್ಕದಲ್ಲಿ ಸಣ್ಣ ತೋಡು ಇರುತ್ತದೆ, ಒಂದು ಅಗಲ, ಒಂದು ಕಿರಿದು. ತಿರುವುಮುರುವು ಹೋಗಬಾರದು ಅಂತಲೇ ಇರುವುದು. ಆದರೆ ಈ ಅಡಾಪ್ಟರಿನ ಪ್ಲಾಸ್ಟಿಕ್ ಗೈಡ್ ಎಷ್ಟು ಸಡಿಲ ಅಂದರೆ ಕಾರ್ಡು ಓರೆಯಾಗಿಯೂ ಒಳಗೆ ಹೋಗುತ್ತದೆ. ನಾನು ಆಪರೇಟರ್ ಹುಡುಗನ ಜೊತೆ ಮಾತಾಡುತ್ತಾ ಕಾರ್ಡನ್ನು ಒತ್ತಿದೆ. ಸರಿ ಕೂರಲಿಲ್ಲ. ಹೊರತೆಗೆದು ಟಾರ್ಚ್ ಬಿಟ್ಟು ನೋಡಿದರೆ, ಮೇಲಿನ ಸಾಲಿನಲ್ಲಿ ಒಂದು ಪಿನ್ನು ಪಕ್ಕದವನ ಹೆಗಲ ಮೇಲೆ ತಲೆ ಇಟ್ಟಿತ್ತು. ಸೂಜಿಯಿಂದ ಎತ್ತಿದರೆ ಮುರಿಯುವ ಭಯ. ಇದಕ್ಕೆ ಒಳ್ಳೆಯ ಹತಾರ ಅಂದರೆ 0.5 ಮಿಲಿಮೀಟರಿನ ಕ್ಲಚ್ ಪೆನ್ಸಿಲ್, ಸೀಸ ತೆಗೆದದ್ದು. ಅದರ ಮೂತಿಯ ನಳಿಗೆಯೊಳಗೆ ಪಿನ್ನು ಹೊಗಿಸಿ, ಬುಡದಿಂದ ಮೆಲ್ಲಗೆ ನೆಟ್ಟಗೆ ಮಾಡಬೇಕು. ಒಂದೇ ಸಲ. ಹಿಂದೆ ಮುಂದೆ ಆಡಿಸಿದರೆ ಕೈಗೆ ಬರುತ್ತದೆ. ಕಾಕಾ ಮಾರ್ಕಿಂಗ್ ಟೇಬಲ್ಲಿನಿಂದ ತಮ್ಮ ಪೆನ್ಸಿಲ್ ಕೊಟ್ಟು, ಉಸಿರು ಹಿಡಿದು ನಿಂತರು. ಪಿನ್ನು ಎದ್ದು ನಿಂತಿತು.

ಎರಡನೇದು ಅವಘಡ ಅಲ್ಲ, ನನ್ನ ಸೋಮಾರಿತನ. ಬುದ್ಧಿ ಇದ್ದೂ ಮಾಡಿದ ತಪ್ಪು. ಅಂಗಡಿಯಲ್ಲೇ ಲ್ಯಾಪ್‌ಟಾಪಿಗೆ ಕಾರ್ಡ್ ರೀಡರ್ ಹಚ್ಚಿ, ಅಲ್ಲೇ ಪಾರ್ಟಿಷನ್ ಮಾಡಿ, ಫಾರ್ಮ್ಯಾಟ್ ಮಾಡಿ, ಫೈಲುಗಳನ್ನು ತುಂಬಿಕೊಂಡು ಹೋಗಿದ್ದೆ. ಉದ್ಯಮಬಾಗಿನಲ್ಲಿ ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಹಾಕಿದೆ. ಕರಿ ಪರದೆ, ಮಿನುಗುವ ಕರ್ಸರ್, ಅಷ್ಟೇ. ಹೊಸದಾಗಿ ಮಾಡಿದ ಪಾರ್ಟಿಷನ್ ಟೇಬಲ್ಲಿನಲ್ಲಿ ಡಾಸನ್ನು ಎಬ್ಬಿಸುವ ಬೂಟ್ ಕೋಡೇ ಇರಲಿಲ್ಲ. ಫ್ಲಾಪಿಯಿಂದ ಬೂಟ್ ಮಾಡಿ, ಆ ಕೋಡನ್ನು ಬರೆಯುವ ಎಫ್‌ಡಿಸ್ಕ್ ಸ್ಲ್ಯಾಷ್ ಎಂಬಿಆರ್ ಆಜ್ಞೆ ಕೊಟ್ಟೆ. ಈಗ ಪರದೆ ಬಾಯಿಬಿಟ್ಟಿತು: "ಎರರ್ ಲೋಡಿಂಗ್ ಆಪರೇಟಿಂಗ್ ಸಿಸ್ಟಮ್."

ಯಾಕೆ ಅನ್ನುವುದನ್ನು ಕಾಕಾ ಕೊಟ್ಟ ಜಾಬ್ ಕಾರ್ಡಿನ ಹಿಂದೆ ಲೆಕ್ಕ ಹಾಕಿದೆ. ಇವತ್ತಿನ ಸಾಫ್ಟ್‌ವೇರುಗಳು ಮೊದಲ ಪಾರ್ಟಿಷನ್ನನ್ನು 2048ನೇ ಸೆಕ್ಟರಿನಿಂದ ಶುರು ಮಾಡುತ್ತವೆ. ಲ್ಯಾಪ್‌ಟಾಪಿನ ದೃಷ್ಟಿಯಲ್ಲಿ ಡಿಸ್ಕಿಗೆ 255 ಹೆಡ್. ಹಾಗಾಗಿ ಅದು ಬರೆದ ವಿಳಾಸ: ಸಿಲಿಂಡರ್ 0, ಹೆಡ್ 32, ಸೆಕ್ಟರ್ 33. ಈ ಪೆಂಟಿಯಂ ನೋಡುವ ಡಿಸ್ಕಿಗೆ ಇರುವುದೇ 16 ಹೆಡ್. ಇದರ ಪ್ರಕಾರ ಅದೇ ಜಾಗದ ವಿಳಾಸ ಸಿಲಿಂಡರ್ 2, ಹೆಡ್ 0, ಸೆಕ್ಟರ್ 33. ಹದಿನಾರು ಮನೆಯ ಓಣಿಯಲ್ಲಿ ಮೂವತ್ತೆರಡನೇ ಮನೆ ಹುಡುಕು ಅಂತ ಪೋಸ್ಟ್‌ಮ್ಯಾನನ್ನು ಕಳಿಸಿದಂತಾಯಿತು. ಕಾರ್ಡು ಸರಿ ಇದೆ, ಅಡಾಪ್ಟರ್ ಸರಿ ಇದೆ, ಪಾರ್ಟಿಷನ್ ಕೂಡ ಸರಿಯೇ. ವಿಳಾಸ ಬರೆದವನೇ ಬೇರೆ, ಓದುವವನೇ ಬೇರೆ.

ಅಂತೂ ಕಾರ್ಡು ಯಾವ ಕಂಪ್ಯೂಟರಿನಲ್ಲಿ ಬಾಳಬೇಕೋ ಅದೇ ಕಂಪ್ಯೂಟರಿನಲ್ಲಿ ಅದರ ಪಾರ್ಟಿಷನ್ನು, ಫಾರ್ಮ್ಯಾಟು ಆಗಬೇಕು. ಸಾಮಾನು ಎಲ್ಲಿಂದ ಬೇಕಾದರೂ ತುಂಬಬಹುದು, ಗೋಡೆ ಮಾತ್ರ ಅಲ್ಲೇ ಏಳಬೇಕು. ಇದು ನನಗೆ ಗೊತ್ತಿತ್ತು, ಹಿಂದೆಯೂ ಒಮ್ಮೆ ಕೈ ಸುಟ್ಟುಕೊಂಡಿದ್ದೆ. ಆದರೂ ಮಳೆಯಲ್ಲಿ ಎರಡು ಸಲ ಓಡಾಡುವುದು ಬೇಡ ಅಂತ ಅಡ್ಡದಾರಿ ಹಿಡಿದೆ. ಕೊನೆಗೆ ಮೂರು ಸಲ ಓಡಾಡಿದೆ.

ಸರಿ, ಮೊದಲಿನಿಂದ. ಮದರ್‌ಬೋರ್ಡಿನ ಸೆಲ್ ಸತ್ತಿತ್ತು, ಹೊಸ 2032 ಹಾಕಿದೆ. ಇಲ್ಲದಿದ್ದರೆ ರಾತ್ರಿ ಆಫ್ ಮಾಡಿದರೆ ಬೆಳಿಗ್ಗೆ ಎಲ್ಲಾ ಮರೆತಿರುತ್ತದೆ. ಬಯೋಸಿನಲ್ಲಿ ಹಾರ್ಡ್ ಡಿಸ್ಕ್ ಆಟೋ ಡಿಟೆಕ್ಷನ್ ಒತ್ತಿದೆ. ಸ್ವಲ್ಪ ಯೋಚಿಸಿ 993, 16, 63, ನಾರ್ಮಲ್ ಅಂತ ತೋರಿಸಿತು. ಆ ಅಂಕಿಗಳನ್ನು ಅಲ್ಲೇ ಖಾಯಂ ಮಾಡಿಬಿಡುವ ಆಸೆಯಾಗುತ್ತದೆ. ನಾನು ಮಾಡಲಿಲ್ಲ, ಆಟೋಗೇ ಬಿಟ್ಟೆ. ನಾಳೆ ಬೇರೆ ಅಳತೆಯ ಕಾರ್ಡು ಹಾಕಬೇಕಾಗಿ ಬಂದರೆ, ಸೆಟಪ್ಪಿಗೆ ಹೋಗಿ ಅಂಕಿ ತಿದ್ದುವವರು ಆ ಶಾಪಿನಲ್ಲಿ ಯಾರೂ ಇಲ್ಲ.

ಫ್ಲಾಪಿಯಿಂದ ಡಾಸ್. ಫ್ಲಾಪಿ ಡ್ರೈವಿನ ಹೆಡ್ಡಿಗೆ ಐಸೋಪ್ರೊಪೈಲ್ ಹಚ್ಚಿದ ಹತ್ತಿ ಕಡ್ಡಿ ಆಡಿಸಿದೆ, ಹತ್ತಿ ಕಪ್ಪಗಾಗಿ ಬಂತು. ನನ್ನ ಬಳಿ ಇದ್ದ ಹತ್ತು ಫ್ಲಾಪಿಯಲ್ಲಿ ಓದಿಸಿಕೊಂಡದ್ದು ಎರಡೇ. ಎಫ್‌ಡಿಸ್ಕಿನಲ್ಲಿ ಲ್ಯಾಪ್‌ಟಾಪ್ ಮಾಡಿದ್ದನ್ನು ಅಳಿಸಿ, ಹೊಸ ಪ್ರೈಮರಿ ಪಾರ್ಟಿಷನ್ ಮಾಡಿ, ಆಕ್ಟಿವ್ ಮಾಡಿದೆ. ರೀಸ್ಟಾರ್ಟ್. ಫಾರ್ಮ್ಯಾಟ್ ಸಿ ಸ್ಲ್ಯಾಷ್ ಎಸ್. ಒಂದು ಮಾತು: ಎಫ್‌ಡಿಸ್ಕ್ ಮಾಮೂಲಿಯಾಗಿ ಪಾರ್ಟಿಷನ್ ಮಾಡುವಾಗ, ಕಾರ್ಡಿನ ಮೊದಲ ಸೆಕ್ಟರಿನಲ್ಲಿ ಮುಂಚೆಯೇ ಸಹಿ (ಇಲ್ಲಿ ಪಾರ್ಟಿಷನ್ ಟೇಬಲ್ ಇದೆ ಅನ್ನುವ ಗುರುತು) ಇದ್ದರೆ ಅಲ್ಲಿನ ಬೂಟ್ ಕೋಡನ್ನು ಮುಟ್ಟುವುದಿಲ್ಲ. ಕ್ಯಾಮೆರಾದಿಂದ ಬಂದ ಕಾರ್ಡಿನಲ್ಲಿ ಸಹಿ ಇರುತ್ತದೆ, ಬೂಟ್ ಕೋಡ್ ಇರುವುದಿಲ್ಲ. ಅದಕ್ಕೆ ಎಫ್‌ಡಿಸ್ಕ್ ಸ್ಲ್ಯಾಷ್ ಎಂಬಿಆರ್ ಬೇರೆಯಾಗಿ ಕೊಡಲೇಬೇಕು. ಎಷ್ಟೋ ಜನ ಇಲ್ಲಿ ಎಡವಿ, ಒಳ್ಳೇ ಕಾರ್ಡನ್ನು ಕೆಟ್ಟಿದೆ ಅಂತ ಬಿಸಾಡುತ್ತಾರೆ.

ಫ್ಲಾಪಿ ತೆಗೆದು ಆನ್ ಮಾಡಿದೆ. ಮೆಮೊರಿ ಎಣಿಸಿ ಮುಗಿಯುವಷ್ಟರಲ್ಲಿ ಸಿ ಪ್ರಾಂಪ್ಟ್ ಬಂದಿತ್ತು. ಹುಡುಗ ಕಿವಿ ಕ್ಯಾಬಿನೆಟ್ಟಿಗೆ ಹಚ್ಚಿದ. "ಅಣ್ಣಾರ, ಸಪ್ಪಳಾನ ಇಲ್ಲಲ್ರಿ. ಚಾಲೂ ಐತೇನ್ರಿ ಇದು?"

ಆಮೇಲೆ ಕಾರ್ಡನ್ನು ತೆಗೆದು, ಆಫ್ ಮಾಡಿಯೇ ತೆಗೆದು, ಲ್ಯಾಪ್‌ಟಾಪಿನಲ್ಲಿ ಫೈಲು ತುಂಬಿದೆ. ಐಡಿಇ ಅಂದರೆ ಪೆನ್ ಡ್ರೈವ್ ಅಲ್ಲ, ನಡೆಯುತ್ತಿರುವಾಗ ಕಾರ್ಡು ಎಳೆದರೆ ಡಾಸಿಗೆ ಗೊತ್ತೂ ಆಗುವುದಿಲ್ಲ, ಹಳೇ ನೆನಪಿನ ಮೇಲೆ ಏನೋ ಬರೆದು ಹಾಳು ಮಾಡುತ್ತದೆ. ಅಡಾಪ್ಟರ್ ಪಕ್ಕದಲ್ಲಿ ಕೆಂಪು ಸ್ಟಿಕ್ಕರ್ ಅಂಟಿಸಿದೆ: "ಆಫ್ ಮಾಡದೆ ಮುಟ್ಟಬಾರದು". ಲಿನಕ್ಸಿನಲ್ಲಿ ಕಾರ್ಡನ್ನು ವಿಎಫ್ಎಟಿ ಅಂತ ಅಲ್ಲ, ಎಂಎಸ್‌ಡಾಸ್ ಅಂತಲೇ ಮೌಂಟ್ ಮಾಡಿದೆ. ಇಲ್ಲದಿದ್ದರೆ ಉದ್ದ ಹೆಸರುಗಳ ಎಂಟ್ರಿಗಳು ಸೇರಿಕೊಂಡು, ಡಿಸ್ಕ್ ಪರೀಕ್ಷಿಸುವ 6.22ರ ಸ್ಕ್ಯಾನ್‌ಡಿಸ್ಕಿಗೆ ತಲೆ ಕೆಡುತ್ತದೆ.

ಈಗ ಆ ಮೂರು ಸೆಕ್ಟರಿನ ಕಥೆ. ಎರಡು ಖಾಲಿ ಜಾಗದಲ್ಲಿದ್ದವು. ಮೂರನೆಯದು ಯಾವ ಫೈಲಿನದು? ಓದಲಾಗದ ಕಡೆ ಇಮೇಜಿನಲ್ಲಿ, ಅಂದರೆ ಡಿಸ್ಕಿನ ಪೂರ್ತಿ ನಕಲಿನಲ್ಲಿ, ಸೊನ್ನೆ ಬೈಟುಗಳೇ ಉಳಿದಿರುತ್ತವೆ. ಪ್ರೋಗ್ರಾಮ್ ಫೈಲುಗಳೋ ಬರೀ ಅಕ್ಷರ, ಅವುಗಳಲ್ಲಿ ಸೊನ್ನೆ ಬೈಟ್ ಇರಲೇಬಾರದು. ಅದನ್ನೇ ಹುಡುಕುವ ಒಂದು ಸಾಲಿನ ಗ್ರೆಪ್ ಓಡಿಸಿದೆ. ಒಂದು ಫೈಲು ಸಿಕ್ಕಿತು. ತೆರೆದೆ. ಎನ್120ನೇ ಸಾಲಿನ ತನಕ ಸರಿ ಇದೆ. ಆಮೇಲೆ 512 ಬೈಟ್ ಶೂನ್ಯ. ಮುಂದೆ ಎನ್265.

ಮೈ ಜುಮ್ಮೆಂದದ್ದು ಇಲ್ಲಿ. ಸಿಎನ್‌ಸಿಯ ಐಎಸ್ಒ ಕೋಡಿನಲ್ಲಿ ಸೊನ್ನೆ ಬೈಟ್ ಅಂದರೆ ಖಾಲಿ ಟೇಪು. ತೂತಿನ ಪೇಪರ್ ಟೇಪಿನ ಕಾಲದಿಂದ ಬಂದ ಪದ್ಧತಿ. ಕಂಟ್ರೋಲರ್ ಅದನ್ನು ಎರರ್ ಅನ್ನುವುದಿಲ್ಲ, ಸುಮ್ನೆ ದಾಟಿ ಮುಂದೆ ಹೋಗುತ್ತದೆ. ಅಂದರೆ ಈ ಫೈಲು ಲೇಥಿಗೆ ಹೋಗಿದ್ದರೆ, ನಡುವಿನ 28 ಸಾಲು (ಸಾಲಿನ ನಂಬರು ಐದೈದು ಏರುತ್ತದೆ) ಮಾಯವಾಗಿ, ಟೂಲ್ 120ರ ಜಾಗದಿಂದ 265ರ ಜಾಗಕ್ಕೆ ನೇರ ಹೊರಟುಬಿಡುತ್ತಿತ್ತು. ನಡುವೆ ತಿರುಗುತ್ತಿರುವ ಎರಕದ ತುಂಡು. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಇಲ್ಲ. ಕಂಪ್ಯೂಟರ್ ರಿಪೇರಿಯಲ್ಲಿ "ಒಂದು ಫೈಲು ಕೆಟ್ಟಿದೆ" ಅಂದರೆ ಮಾಮೂಲು. ಮಷಿನ್ ಶಾಪಿನಲ್ಲಿ ಅದರ ಅರ್ಥ ಬೇರೆ.

ಕಾಕಾಗೆ ಫೋನ್ ಮಾಡಿದೆ. ಫೈಲಿನ ಹೆಸರು ಹೇಳುತ್ತಲೇ ನಕ್ಕರು. "ಅದು ಪಂಪಿನ ಫ್ಲಾಂಜ್. ಹೋದ ವಾರಾನ ಓಡಿಸೇವಿ. ಮಷಿನ್ನಿನ ಮೆಮೊರಿಯಾಗ ಇನ್ನೂ ಇರ್ತೈತಿ." ಇತ್ತು. ಸೀರಿಯಲ್ ಕೇಬಲ್ಲಿನಲ್ಲೇ, ಲೇಥಿನಿಂದ ಕಂಪ್ಯೂಟರಿಗೆ, ಉಲ್ಟಾ ಎಳೆದುಕೊಂಡೆ. 4800 ಬಾಡ್, 7 ಬಿಟ್, ಈವನ್ ಪ್ಯಾರಿಟಿ. ಸಾಲುಗಳು ಒಂದೊಂದೇ ಬಂದು ಬೀಳುವುದನ್ನು ಮೂವರೂ ನಿಂತು ನೋಡಿದೆವು. 120, 125, 130.

ಡಾಸಿನ ಸೆಟ್ಟಿಂಗಿನಲ್ಲಿ ಮಾಡಿದ ಬದಲಾವಣೆ ಒಂದೇ. ಡಿಸ್ಕಿನ ಓದು ಬರಹವನ್ನು ಮೆಮೊರಿಯಲ್ಲಿ ಹಿಡಿದಿಡುವ ಸ್ಮಾರ್ಟ್‌ಡ್ರೈವ್ ಪ್ರೋಗ್ರಾಮಿನ ಸಾಲಿಗೆ ಸ್ಲ್ಯಾಷ್ ಎಕ್ಸ್ ಸೇರಿಸಿದೆ. ಅದಿಲ್ಲದಿದ್ದರೆ ಬರೆಯಬೇಕಾದದ್ದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇಟ್ಟುಕೊಂಡಿರಬಹುದು, ಅಷ್ಟರಲ್ಲಿ ಕರೆಂಟ್ ಹೋದರೆ ಕಥೆ ಮುಗಿಯಿತು. ಮಳೆಗಾಲದ ಬೆಳಗಾವಿಯಲ್ಲಿ ಕರೆಂಟ್ ಹೋಗುವುದನ್ನು ಹೇಳಿ ಕೊಡಬೇಕಾಗಿಲ್ಲ. ಫ್ಲ್ಯಾಷ್ ಸವೆಯುತ್ತದಲ್ಲ ಅಂತ ಕೇಳುವವರಿದ್ದಾರೆ. ಸವೆಯುತ್ತದೆ, ಬರೆದಷ್ಟೂ. ಆದರೆ ಇಲ್ಲಿ ದಿನಕ್ಕೆ ಒಂದೆರಡು ಸಣ್ಣ ಫೈಲು ಬರೆದರೆ ಹೆಚ್ಚು, ಉಳಿದದ್ದೆಲ್ಲಾ ಓದು. ವಿಂಡೋಸ್ 98 ಆಗಿದ್ದರೆ ಮಾತು ಬೇರೆ. ಮೆಮೊರಿ ಸಾಲದಾಗ ಅದು ಬಳಸುವ ಸ್ವಾಪ್ ಫೈಲು ಇಡೀ ದಿನ ಕೆರೆಯುತ್ತಿರುತ್ತದೆ. ಅಂದಹಾಗೆ, ಹಿಂದೆ ಒಂದು ಪ್ರಿಂಟಿಂಗ್ ಪ್ರೆಸ್ಸಿನ 98ಕ್ಕೆ ಸಿಎಫ್ ಹಾಕಿದಾಗ ಡಿಎಂಎ (ಪ್ರೊಸೆಸರನ್ನು ಕಾಡದೆ ಡೇಟಾ ಸಾಗಿಸುವ ವಿಧಾನ) ಅನ್ನುವ ಡಬ್ಬಿಗೆ ಟಿಕ್ ಹಾಕಿದ ಕೂಡಲೇ ಹ್ಯಾಂಗ್ ಆಗುತ್ತಿತ್ತು. ಆ ಅಗ್ಗದ ಅಡಾಪ್ಟರಿನಲ್ಲಿ ಡಿಎಂಎಗೆ ಬೇಕಾದ ಎರಡು ತಂತಿಯನ್ನೇ ಎಳೆದಿರಲಿಲ್ಲ. ಟಿಕ್ ತೆಗೆದೆ, ಶಾಂತವಾಯಿತು.

ಪರೀಕ್ಷೆಗೆ ಚಕ್ಕಿನಲ್ಲಿ ಜಾಬ್ ಇಲ್ಲದೆ ಮೂರು ಪ್ರೋಗ್ರಾಮ್ ಓಡಿಸಿದೆವು. ಹುಡುಗನ ಕೈ ಎಮರ್ಜೆನ್ಸಿ ಸ್ವಿಚ್ಚಿನ ಮೇಲೆ, ಕಾಕಾ ಅವರ ಕಣ್ಣು ಟೂಲ್ ಮೇಲೆ, ನನ್ನ ಕಣ್ಣು ಕಾಕಾ ಅವರ ಮುಖದ ಮೇಲೆ. ಮೂರನೆಯದು ಮುಗಿದ ಮೇಲೆ "ಹೂಂ" ಅಂದರು. ಎರಡನೇ 512ರ ಕಾರ್ಡು ಅದೇ ಕಂಪನಿಯದು, ಅದೇ 993. ಹಾಗಾಗಿ ಮೊದಲನೆಯದರ ಇಮೇಜನ್ನು ಹಾಗೇ ಇಳಿಸಿದೆ, ಅದೂ ಬೂಟ್ ಆಯಿತು. ಬೇರೆ ಕಂಪನಿಯದಾಗಿದ್ದರೆ ಇಮೇಜಿನ ದಾರಿ ಹಿಡಿಯುತ್ತಿರಲಿಲ್ಲ. 512 ಅಂತ ಮೇಲೆ ಬರೆದಿದ್ದರೂ ಒಳಗಿನ ಸೆಕ್ಟರ್ ಲೆಕ್ಕ ಒಂದೇ ಇರುವುದಿಲ್ಲ. ಆ ಎರಡನೇ ಕಾರ್ಡನ್ನು ಕಾಕಾ ಮೈಕ್ರೋಮೀಟರ್ ಡಬ್ಬಿಯೊಳಗೆ ಇಟ್ಟರು. ಆ ಶಾಪಿನಲ್ಲಿ ಯಾರೂ ಕೇಳದೆ ಮುಟ್ಟದ ಡಬ್ಬಿ ಅದೊಂದೇ.

ಹೊರಡುವಾಗ ಕೇಳಿದರು: "ಆ ಸತ್ತ ಡಿಸ್ಕ್ ಏನ್ ಮಾಡ್ತಿ?"

"ಬೇಕೇನ್ರಿ?"

"ಅದರಾಗ ಮ್ಯಾಗ್ನೆಟ್ ಛಲೋ ಇರ್ತೈತಿ ಅಂತಾರಲ್ಲ."

ಇಮೇಜ್ ಎರಡು ಕಡೆ ಇದೆ ಅಂತ ಖಾತ್ರಿ ಮಾಡಿಕೊಂಡೇ ಬಿಚ್ಚಿದೆ. ಒಳಗಿನಿಂದ ಬಾಗಿದ ಆಕಾರದ ಎರಡು ಮ್ಯಾಗ್ನೆಟ್ ಬಂದವು. ಕಾಕಾ ಒಂದನ್ನು ಡ್ರಿಲ್ಲಿಂಗ್ ಮಷಿನ್ನಿಗೆ ಅಂಟಿಸಿ ಅಲೆನ್ ಕೀಗಳನ್ನೆಲ್ಲಾ ಅದಕ್ಕೆ ತೂಗು ಹಾಕಿದರು. ಇನ್ನೊಂದನ್ನು ಕೈಯಲ್ಲಿ ಆಡಿಸುತ್ತಾ ಕಂಪ್ಯೂಟರ್ ಟೇಬಲ್ ಕಡೆ ಬಂದರು. ಕಾರ್ಡಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಟೇಬಲ್ ಮೇಲೆ ನನ್ನ ಬೂಟ್ ಫ್ಲಾಪಿ ಇತ್ತು, ಬದುಕಿರುವ ಎರಡರಲ್ಲಿ ಒಂದು. ಓಡಿ ಹೋಗಿ ಎತ್ತಿಕೊಂಡು ಜೇಬಿಗೆ ಹಾಕಿದೆ.